ಅಜ್ಜಿ ನಕ್ಕಾಗ ಕೆನ್ನೆ ಮುರಿಯಬಾರದು

ಆನಿಮೇಷನ್ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಮೊನ್ನೆ ಒಂದೂವರೆ ಗಂಟೆ ಮಾತಾಡಿದ್ದೆ. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಅಲ್ಲಿ ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಲ್ಲೇ ಹೇಳಬೇಕು, ಹಾಗಾಗಿ ಕೆಲವು ಕಡೆ ಸ್ವಲ್ಪ ಎಳೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಮಾನ ಹೋದ ಕತೆ ಹೇಳಿಬಿಡುತ್ತೇನೆ, ಆಮೇಲೆ ಪಾಠ.

ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ಗೆಳೆಯರು ಸೇರಿ 90 ಸೆಕೆಂಡಿನ ಒಂದು ಪುಟ್ಟ 3ಡಿ ಆನಿಮೇಷನ್ ಚಿತ್ರ ಮಾಡಲು ಹೊರಟೆವು. ಕತೆ ದೊಡ್ಡದೇನಲ್ಲ. ಅಜ್ಜಿ ಜಗಲಿ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾಳೆ, ಮೊಮ್ಮಗ ಹಿಂದಿನಿಂದ ಬಂದು ಕಾಳು ಕದಿಯುತ್ತಾನೆ, ಅಜ್ಜಿ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಗುತ್ತಾಳೆ. ಅಷ್ಟೇ. ಅಜ್ಜಿಯನ್ನು ಮಾಡೋದು ನನ್ನ ಪಾಲಿಗೆ ಬಂತು. ಮೂರು ವಾರ ಕೂತು ಸ್ಕಲ್ಪ್ಟ್ ಮಾಡಿದೆ, ಅಂದರೆ ಕಂಪ್ಯೂಟರಿನಲ್ಲೇ ಮಣ್ಣಿನ ಹಾಗೆ ಕೆತ್ತಿದೆ. ಸುಕ್ಕು, ಕಣ್ಣಿನ ಕೆಳಗಿನ ಚೀಲ, ಕತ್ತಿನ ಜೋಲು ಚರ್ಮ, ಒಂದನ್ನೂ ಬಿಡಲಿಲ್ಲ. ಸ್ಟಿಲ್ ತೆಗೆದು ಗ್ರೂಪಿಗೆ ಹಾಕಿದರೆ ಎಲ್ಲರೂ ಬೆಂಕಿ ಇಮೋಜಿ ಹಾಕಿದರು. ನಾನು ಉಬ್ಬಿಹೋದೆ. ಫೈಲು ಆನಿಮೇಟರ್ ಕೈಗೆ ಹೋಯಿತು. ಎರಡು ದಿನ ಬಿಟ್ಟು ಅವನಿಂದ ಒಂದು ಸ್ಕ್ರೀನ್‌ಶಾಟ್ ಬಂತು, ಕೆಳಗೆ ಒಂದೇ ಸಾಲು: "ಮಗಾ, ನಿಮ್ಮಜ್ಜಿ ನಕ್ರೆ ಭಯ ಆಗತ್ತೆ ಕಣೋ."

ನೋಡಿದೆ. ನಿಜ. ಕೆನ್ನೆ ಮಡಚಿದ ರಟ್ಟಿನ ಡಬ್ಬದ ಹಾಗೆ ಮುರಿದಿತ್ತು. ತುಟಿಯ ಮೂಲೆಯಲ್ಲಿ ಏನೋ ಚಿವುಟಿ ಹಿಡಿದ ಹಾಗೆ ಒಂದು ಗಂಟು. ನಾನು ಅಷ್ಟು ಪ್ರೀತಿಯಿಂದ ಕೆತ್ತಿದ ಸುಕ್ಕುಗಳು ನಗುವಿನ ಜೊತೆ ಸರಿಯದೆ, ಚರ್ಮದ ಮೇಲೆ ಅಂಟಿಸಿದ ಸ್ಟಿಕ್ಕರಿನ ಹಾಗೆ ಜಾರಿ ಇನ್ನೆಲ್ಲೋ ಹೋಗಿದ್ದವು.

ಇವತ್ತು ಹೇಳೋದೆಲ್ಲ ಆ ಸ್ಕ್ರೀನ್‌ಶಾಟ್ ಆದಮೇಲೆ ಕಲಿತದ್ದು. ಅಜ್ಜಿಯನ್ನು ಪೂರ್ತಿ ಕಿತ್ತು ಮತ್ತೆ ಕಟ್ಟಿದೆ.

ಎರಡನೇ ಸಲ ನಾನು ಕಂಪ್ಯೂಟರ್ ಆನ್ ಮಾಡಲೇ ಇಲ್ಲ. ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೆದೆ. ಒಂದು ಕಡೆ ಇಟ್ಟದ್ದು, ಇನ್ನೊಂದು ಕಡೆ ಬಿಟ್ಟದ್ದು. ಇಟ್ಟದ್ದರಲ್ಲಿ ಬಂದದ್ದು ಕಡಿಮೆ: ದುಂಡು ತಲೆ, ಬೊಚ್ಚುಬಾಯಿ, ಉದ್ದ ಜೋತ ಕಿವಿ, ಮೂಗಿನಿಂದ ಬಾಯಿ ಪಕ್ಕಕ್ಕೆ ಇಳಿಯುವ ಎರಡು ಆಳವಾದ ಗೆರೆ, ದೊಡ್ಡ ಕೈ. ಬಿಟ್ಟದ್ದರ ಪಟ್ಟಿ ಹಾಳೆ ತುಂಬಿತು. ಹಣೆಯ ಸುಕ್ಕು, ಕತ್ತಿನ ಸುಕ್ಕು, ಚರ್ಮದ ರಂಧ್ರ, ಮೂಗಿನ ಹೊಳ್ಳೆಯ ಒಳಗಿನ ವಿವರ, ರೆಪ್ಪೆಯ ಒಂದೊಂದು ಕೂದಲು. ಆ ಹಾಳೆ ಇನ್ನೂ ನನ್ನ ಮಾನಿಟರ್ ಹಿಂದಿನ ಗೋಡೆಯಲ್ಲಿದೆ, ಟೇಪು ಹಳದಿಯಾಗಿದೆ.

ಸ್ಟೈಲೈಸ್ಡ್ ಕ್ಯಾರೆಕ್ಟರ್, ನಿಜದ ಹಾಗಿರದೆ ಸರಳ ಮಾಡಿದ ಪಾತ್ರ, ಅಂದರೆ ಕಣ್ಣು ದೊಡ್ಡದು ಮಾಡಿ ಮೂಗು ಚಿಕ್ಕದು ಮಾಡೋದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೆ ಮಾಡಿದರೆ ದೊಡ್ಡ ಕಣ್ಣಿನ ನಿಜಮನುಷ್ಯ ಬರುತ್ತಾನೆ, ರಾತ್ರಿ ಕನಸಲ್ಲೂ ಬರುತ್ತಾನೆ. ಏನು ಬಿಡಬೇಕು ಅಂತ ಮೊದಲೇ ತೀರ್ಮಾನ ಮಾಡಿ, ಬಿಟ್ಟದ್ದನ್ನು ಕೊನೆತನಕ ಬಿಟ್ಟೇ ಇರಬೇಕು. ಮಾಡೆಲಿಂಗ್‌ನಲ್ಲಿ, ಅಂದರೆ ಆಕಾರ ಕಟ್ಟುವಾಗ ಬಿಟ್ಟದ್ದು ಶೇಡಿಂಗ್, ಅಂದರೆ ಬಣ್ಣ ಹೊಳಪು ಕೊಡುವ ಕೆಲಸ, ಮಾಡುವಾಗ ಹಿಂಬಾಗಿಲಿನಿಂದ ಒಳಗೆ ಬರುತ್ತೆ, ಅಲ್ಲೇ ಎಲ್ಲರೂ ಎಡವೋದು. ನಾನು ಇವತ್ತು ಹೇಳಬೇಕಿರೋದು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದು ಇದನ್ನು ಹೇಗೆ ಮಾಡೋದು ಅನ್ನುವ ಕೂಲಿ ಕೆಲಸ.

ಆಕಾರದಿಂದ ಶುರು ಮಾಡೋಣ. ದೊಡ್ಡವರ ಮೈಯನ್ನು ತಲೆಯಿಂದ ಅಳೆದರೆ ಸುಮಾರು ಏಳೂವರೆ ತಲೆ ಎತ್ತರ ಬರುತ್ತೆ. ನಮ್ಮ ಅಜ್ಜಿ ನಾಲ್ಕು ತಲೆ ಎತ್ತರ. 1.4 ಮೀಟರ್ ಎತ್ತರ, ಅದರಲ್ಲಿ ತಲೆಯೇ 35 ಸೆಂಟಿಮೀಟರ್. ಈ ಅಳತೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಬರೀ ಗೋಳ, ಸಿಲಿಂಡರ್ ಇಟ್ಟು ಮೈಕಟ್ಟು ಮಾಡಿದೆ. ತಲೆ ಒಂದು ಗೋಳ, ತುರುಬು ಚಿಕ್ಕ ಗೋಳ, ಮೈ ಒಂದು ಕುಂಬಳಕಾಯಿ. ಆಮೇಲೆ ಎಲ್ಲಕ್ಕೂ ಕಪ್ಪು ಬಣ್ಣ ಕೊಟ್ಟು ದೂರದಿಂದ ನೋಡಿದೆ. ನೆರಳಿನ ಹಾಗೆ ಕಂಡಾಗಲೂ ಇವಳು ಅಜ್ಜಿ ಅಂತ ಗೊತ್ತಾಗಬೇಕು, ಕೂತಿದ್ದಾಳೋ ನಿಂತಿದ್ದಾಳೋ ತಿಳಿಯಬೇಕು. ಮೊದಲ ಸಲ ತುರುಬು ತಲೆಯ ಹಿಂದೆ ಅಡಗಿಹೋಗಿ, ಮುಂದಿನಿಂದ ನೋಡಿದರೆ ಬೋಳು ತಲೆಯ ತಾತನ ಹಾಗಿದ್ದಳು. ತುರುಬನ್ನು ಒಂದು ಪಕ್ಕಕ್ಕೆ ವಾಲಿಸಿದೆ. ಸರಿಹೋಯಿತು. ಈ ಕೆಲಸಕ್ಕೆ ಅರ್ಧ ದಿನ ಸಾಕು, ಇದನ್ನು ಬಿಟ್ಟು ನೇರ ಕಣ್ಣು ಮೂಗು ಕೆತ್ತಲು ಕೂತರೆ ಮೂರು ವಾರ ಹೋಗುತ್ತೆ. ನನಗೆ ಹೋಗಿದೆ.

ಈಗ ಟೋಪಾಲಜಿ, ಅಂದರೆ ಮಾಡೆಲಿನ ಮೈಮೇಲಿನ ಗೆರೆಗಳ ಜೋಡಣೆ. ಹೆಸರು ಕೇಳಿದರೇನೇ ಆಕಳಿಕೆ ಬರುತ್ತೆ ಅಂತ ಗೊತ್ತು, ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಶುರು ಮಾಡಿದ್ದಾರೆ. ಆದರೆ ನನ್ನ ಅಜ್ಜಿಯ ಕೆನ್ನೆ ಮುರಿದದ್ದು ಇಲ್ಲೇ.

ಸ್ಕಲ್ಪ್ಟ್ ಮಾಡಿದ ತಲೆಯಲ್ಲಿ ಲಕ್ಷಾಂತರ ಸಣ್ಣ ಚಪ್ಪಟೆ ತುಣುಕುಗಳು, ಅಂದರೆ ಫೇಸ್‌ಗಳು ಇರುತ್ತವೆ. ನನ್ನದರಲ್ಲಿ 20 ಲಕ್ಷ ಇದ್ದವು. ಅದನ್ನು ಯಾವ ಆನಿಮೇಟರೂ ಆಡಿಸಲಾರ. ಹಾಗಾಗಿ ಅದರ ಮೇಲೆ ಹೊಸದಾಗಿ, ಚೌಕಾಕಾರದ ಫೇಸ್‌ಗಳ ಹಗುರವಾದ ಬಲೆ ಹೊದಿಸುತ್ತೇವೆ. ರೀಟೋಪೋ ಅನ್ನೋದು ಇದಕ್ಕೇ. ಹಗುರವಾದ ಬಲೆ ಒರಟೊರಟಾಗಿ ಕಾಣುತ್ತೆ ಅಲ್ವಾ, ಅದನ್ನು ನುಣುಪು ಮಾಡೋದಕ್ಕೆ ಸಬ್‌ಡಿವಿಷನ್. 1978ರಲ್ಲಿ ಎಡ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ ಅನ್ನುವ ಇಬ್ಬರು ಕೊಟ್ಟ ಲೆಕ್ಕ ಇದು, ಇವತ್ತಿಗೂ ಬ್ಲೆಂಡರಿನಲ್ಲಿ ನೀವು ಒತ್ತುವ ಗುಂಡಿಯ ಹಿಂದೆ ಅದೇ ಇದೆ. ಪ್ರತಿ ಫೇಸಿನ ನಡುವೆ ಒಂದು ಹೊಸ ಬಿಂದು, ಪ್ರತಿ ಅಂಚಿಗೊಂದು ಹೊಸ ಬಿಂದು, ಹಳೆಯ ಬಿಂದುಗಳು ನೆರೆಹೊರೆಯ ಸರಾಸರಿ ಕಡೆಗೆ ಸ್ವಲ್ಪ ಸರಿಯುತ್ತವೆ. ಒಂದು ಚೌಕ ನಾಲ್ಕಾಗುತ್ತೆ, ಇನ್ನೊಂದು ಹಂತಕ್ಕೆ ಹದಿನಾರು. ನನ್ನ ಹೊಸ ಅಜ್ಜಿಯಲ್ಲಿ ಸುಮಾರು 6,000 ಫೇಸ್ ಇವೆ, ಎರಡು ಹಂತ ಏರಿಸಿದರೆ 96,000. ಆನಿಮೇಟರ್ ಆಡಿಸೋದು 6,000ವನ್ನು, ನೋಡುಗರಿಗೆ ಕಾಣೋದು 96,000.

ತಮಾಷೆ ಏನೆಂದರೆ ಈ ಲೆಕ್ಕವನ್ನು ಪಾತ್ರದ ಮೇಲೆ ಮೊದಲು ಗಟ್ಟಿಯಾಗಿ ಬಳಸಿದ್ದೂ ಒಬ್ಬ ಮುದುಕನ ಮೇಲೆಯೇ. ಪಿಕ್ಸಾರ್‌ನ 1997ರ ಕಿರುಚಿತ್ರ ಗೆರೀಸ್ ಗೇಮ್. ಪಾರ್ಕಿನಲ್ಲಿ ಕೂತು ತನ್ನ ಜೊತೆ ತಾನೇ ಚೆಸ್ ಆಡುವ ಅಜ್ಜ. ಅದಕ್ಕಿಂತ ಮುಂಚೆ ಮುಖಗಳನ್ನು ಬೇರೆ ಬೇರೆ ತೇಪೆಗಳಾಗಿ ಮಾಡಿ ಜೋಡಿಸುತ್ತಿದ್ದರು. ಪಾತ್ರ ಬಾಯಿ ಆಡಿಸಿದರೆ ಹೊಲಿಗೆ ಬಿಟ್ಟುಕೊಳ್ಳದ ಹಾಗೆ ನೋಡಿಕೊಳ್ಳೋದೇ ಒಂದು ದೊಡ್ಡ ತಲೆನೋವು. ಮುದುಕನ ಮುಖ ಅಂದರೆ ಮಡಿಕೆ, ಜೋಲು, ಎಲ್ಲ ಅಲುಗಾಡುತ್ತೆ. ಅದಕ್ಕೆ ಹೊಲಿಗೆಯೇ ಇಲ್ಲದ ಒಂದೇ ಬಲೆ ಬೇಕಾಯಿತು. ನಿಮಗೆ ಬೇಜಾರಾದಾಗ ಆ ಚಿತ್ರ ಹಾಕಿಕೊಂಡು ಅವನ ಬಾಯಿ ಸುತ್ತ ಮಾತ್ರ ನೋಡಿ.

ಬಲೆಯ ಗೆರೆಗಳು ಯಾವ ದಿಕ್ಕಿಗೆ ಓಡಬೇಕು? ಕನ್ನಡಿ ಮುಂದೆ ನಿಂತು ಮುಖ ಕಿವುಚಿ. ಕಣ್ಣಿನ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ, ಬಾಯಿ ಸುತ್ತ ಇನ್ನೊಂದು. ಬಲೆಯ ಗೆರೆಸಾಲುಗಳೂ, ಅಂದರೆ ಲೂಪ್‌ಗಳೂ, ಹಾಗೇ ಉಂಗುರವಾಗಿ ಸುತ್ತಬೇಕು. ಆಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು, ಮೂಗಿನ ಪಕ್ಕದಿಂದ ಹೊರಟು ಬಾಯಿಯನ್ನು ಬಳಸಿ ಗದ್ದದ ಕೆಳಗೆ ಹೋಗಿ ಇನ್ನೊಂದು ಪಕ್ಕ ಹತ್ತುವ ದೊಡ್ಡ ಲೂಪ್. ನಗುವಿನ ಗೆರೆ ಬೀಳೋದು ಇದರ ಮೇಲೆ. ನನ್ನ ಮೊದಲ ಅಜ್ಜಿಯಲ್ಲಿ ಈ ಲೂಪೇ ಇರಲಿಲ್ಲ. ಸಾಫ್ಟ್‌ವೇರ್ ತಾನಾಗಿ ಮಾಡಿಕೊಟ್ಟ ರೀಟೋಪೋವನ್ನು ಸುಮ್ನೆ ಒಪ್ಪಿಕೊಂಡಿದ್ದೆ, ಗೆರೆಗಳು ಕೆನ್ನೆಯನ್ನು ಅಡ್ಡಡ್ಡ ದಾಟಿ ಹೋಗಿದ್ದವು. ಮಡಚಬೇಕಾದ ಕಡೆ ಮಡಿಕೆ ಗೆರೆ ಇಲ್ಲದ ಕಾಗದ ಹೇಗೆಂದರೆ ಹಾಗೆ ಮುದುಡುತ್ತೆ. ಕೆನ್ನೆಗೆ ಆಗಿದ್ದು ಅದು.

ತುಟಿಯ ಮೂಲೆಯ ಗಂಟು? ಅದು ಪೋಲ್. ಸಾಮಾನ್ಯವಾಗಿ ಒಂದು ಬಿಂದುವಿನಿಂದ ನಾಲ್ಕು ಗೆರೆ ಹೊರಡುತ್ತವೆ, ಮೂರೋ ಐದೋ ಹೊರಟರೆ ಅದನ್ನು ಪೋಲ್ ಅನ್ನುತ್ತಾರೆ. ಉಂಗುರ ಲೂಪ್‌ಗಳು ಒಂದಕ್ಕೊಂದು ಸೇರುವ ಕಡೆ ಪೋಲ್ ಬಂದೇ ಬರುತ್ತೆ, ತಪ್ಪಿಸಲು ಆಗಲ್ಲ. ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನೋದು ಮಾತ್ರ ನಿಮ್ಮ ಕೈಯಲ್ಲಿದೆ. ನಾನು ಸರಿಯಾಗಿ ತುಟಿ ಮೂಲೆಯಲ್ಲೇ ಕೂರಿಸಿದ್ದೆ, ಮುಖದಲ್ಲಿ ಅತಿ ಹೆಚ್ಚು ಎಳೆದಾಟ ಇರುವ ಜಾಗದಲ್ಲಿ. ಈಗ ಅದನ್ನು ಕೆನ್ನೆಯ ಮೂಳೆ ಕಡೆ ತಳ್ಳಿದ್ದೇನೆ, ಅಲ್ಲಿ ಚರ್ಮ ಜಾಸ್ತಿ ಹಿಗ್ಗಲ್ಲ.

ಇನ್ನೊಂದು ಚಿಕ್ಕ ಮಾತು. ಮಾಡೆಲ್ ಮಾಡುವಾಗ ಬಾಯಿ ಗಟ್ಟಿಯಾಗಿ ಮುಚ್ಚಬೇಡಿ, ಒಂದು ಕೂದಲೆಳೆ ತೆರೆದಿರಲಿ. ಕಣ್ಣು ಅರ್ಧ ತೆರೆದಿರಲಿ. ಪೂರ್ತಿ ತೆರೆದ ಕಣ್ಣನ್ನು ಮಾಡೆಲ್ ಮಾಡಿದರೆ ಮುಚ್ಚುವಾಗ ರೆಪ್ಪೆ ರಬ್ಬರಿನ ಹಾಗೆ ಎಳೆಯುತ್ತೆ. ಅರ್ಧದಲ್ಲಿದ್ದರೆ ಎರಡು ಕಡೆಗೂ ಅರ್ಧ ದಾರಿ ಹೋದರೆ ಸಾಕು. ಅಜ್ಜಿ ನಿದ್ದೆಗಣ್ಣಲ್ಲಿ ಇದ್ದ ಹಾಗೆ ಕಾಣುತ್ತಾಳೆ, ಕಾಣಲಿ ಬಿಡಿ.

ಕಣ್ಣಿಗೆ ಬಂದೆವಲ್ಲ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಅಜ್ಜಿಯ ಕಣ್ಣು ಅಡ್ಡಕ್ಕೆ ಉದ್ದವಾದ ಮೊಟ್ಟೆಯ ಆಕಾರ. ಡ್ರಾಯಿಂಗಿನಲ್ಲಿ ತುಂಬಾ ಮುದ್ದಾಗಿತ್ತು. ಮಾಡೆಲ್‌ನಲ್ಲೂ ಮೊಟ್ಟೆಯನ್ನೇ ಮಾಡಿ ಕೂರಿಸಿದೆ. ಅಜ್ಜಿ ಪಕ್ಕಕ್ಕೆ ನೋಡಿದಳು, ಮೊಟ್ಟೆಯ ಚೂಪು ತುದಿ ರೆಪ್ಪೆಯನ್ನು ತೂತು ಮಾಡಿಕೊಂಡು ಹೊರಗೆ ಬಂತು. ಬರದೆ ಏನು ಮಾಡುತ್ತೆ, ಮೊಟ್ಟೆ ತಿರುಗಿದರೆ ಅದು ತುಂಬುವ ಜಾಗವೇ ಬದಲಾಗುತ್ತೆ. ಗೋಳ ಮಾತ್ರ ಹೇಗೆ ತಿರುಗಿದರೂ ಅದೇ ಗೋಳ. ಪರಿಹಾರ ಲ್ಯಾಟಿಸ್. ಕಣ್ಣುಗುಡ್ಡೆಯನ್ನು ಶುದ್ಧ ಗೋಳವಾಗಿಯೇ ಮಾಡಿ, ಸುತ್ತ ಒಂದು ಪಂಜರ ಕೂರಿಸಿ, ಪಂಜರವನ್ನು ಅಡ್ಡಕ್ಕೆ ಹಿಗ್ಗಿಸಬೇಕು. ಗುಡ್ಡೆ ಒಳಗೆ ಗೋಳದ ಹಾಗೆಯೇ ತಿರುಗುತ್ತೆ, ತಿರುಗಿ ಮುಗಿದ ಮೇಲೆ ಪಂಜರ ಅದನ್ನು ಮೊಟ್ಟೆ ಮಾಡುತ್ತೆ. ಪಂಜರ ಅಲುಗಲ್ಲ, ಹಾಗಾಗಿ ರೆಪ್ಪೆಗೆ ಏನೂ ಆಗಲ್ಲ. ಇದು ಗೊತ್ತಾಗಲು ನನಗೆ ನಾಲ್ಕು ದಿನ ಬೇಕಾಯಿತು, ನಿಮಗೆ ಎರಡು ನಿಮಿಷ.

ರೆಪ್ಪೆಗೆ ದಪ್ಪ ಕೊಡಿ. ತೆಳು ಕಾಗದದ ಅಂಚಿನ ಹಾಗೆ ಬಿಟ್ಟರೆ ಮುಖ ಮುಖವಾಡ ಆಗುತ್ತೆ. ನಾಲ್ಕೈದು ಮಿಲಿಮೀಟರ್ ದಪ್ಪದ ಅಂಚಿದ್ದರೆ ಅದು ಗುಡ್ಡೆಯ ಮೇಲೆ ಒಂದು ಚಿಕ್ಕ ನೆರಳು ಹಾಕುತ್ತೆ, ಕಣ್ಣು ಆ ನೆರಳಿನಿಂದಲೇ ಗುಳಿಯಲ್ಲಿ ಕೂತ ಹಾಗೆ ಕಾಣೋದು. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗವನ್ನು ಉಬ್ಬಿಸಬೇಡಿ, ಚಿಕ್ಕ ಬಟ್ಟಲಿನ ಹಾಗೆ ಒಳಗೆ ತಗ್ಗು ಮಾಡಿ, ಮೇಲೆ ಬೇರೆಯಾಗಿ ಒಂದು ಪಾರದರ್ಶಕ ಉಬ್ಬು ಇಡಿ. ಎಡದಿಂದ ಬೆಳಕು ಬಂದರೆ ಬಟ್ಟಲಿನ ಬಲ ಅಂಚು ಬೆಳಗುತ್ತೆ. ಕಣ್ಣಿಗೆ ಜೀವ ಬರೋದು ಆ ಒಂದು ಬೆಳಕಿನಿಂದ.

ಕೈಗೆ ಬರುತ್ತೇನೆ. ಕಾರ್ಟೂನ್ ಪಾತ್ರಗಳಿಗೆ ನಾಲ್ಕೇ ಬೆರಳು ಕೊಡುವ ರೂಢಿ ಇದೆ ಅಲ್ವಾ. ಕೆಲಸ ಕಡಿಮೆ, ಕೈಯೂ ಮುದ್ದಾಗಿ ಕಾಣುತ್ತೆ. ನಾನೂ ಬಿಟ್ಟದ್ದರ ಪಟ್ಟಿಯಲ್ಲಿ ಒಂದು ಬೆರಳು ಬರೆದಿದ್ದೆ. ನಮ್ಮ ತಂಡದ ಹುಡುಗಿ ನೋಡಿ ಕೇಳಿದಳು, ಅಜ್ಜಿ ಗೆಣ್ಣು ಎಣಿಸುವ ಶಾಟ್ ಇದೆಯಲ್ಲ ಅಂತ. ಹೌದು, ಯಾವ ಮೊಮ್ಮಗನಿಗೆ ಎಷ್ಟು ಅಂತ ಅಜ್ಜಿ ಹೆಬ್ಬೆರಳನ್ನು ಬೆರಳಿನ ಗೆಣ್ಣಿನಿಂದ ಗೆಣ್ಣಿಗೆ ಓಡಿಸುತ್ತಾಳೆ. ನಾಲ್ಕು ಬೆರಳು, ಬೆರಳಿಗೆ ಮೂರರ ಹಾಗೆ ಹನ್ನೆರಡು. ಒಂದು ಬೆರಳು ತೆಗೆದರೆ ಅಜ್ಜಿಯ ಡಜನ್‌ಗೆ ಒಂಬತ್ತೇ ಲೆಕ್ಕ! ಐದು ಬೆರಳೂ ವಾಪಸ್ ಬಂದವು, ಪ್ರತಿ ಗೆಣ್ಣೂ ದೂರಕ್ಕೆ ಕಾಣುವ ಹಾಗೆ ಬೇರೆ ಬೇರೆ ಉಬ್ಬಾಗಿ.

ಅವರೆಕಾಯಿ ಸುಲಿಯೋದು ಮಾಡೆಲರ್‌ಗೆ ದೊಡ್ಡ ಪರೀಕ್ಷೆ. ಮನೆಯಲ್ಲಿ ಅಮ್ಮ ಸುಲಿಯುವಾಗ ಫೋನಿನಲ್ಲಿ ಹತ್ತಿರದಿಂದ ವಿಡಿಯೋ ತೆಗೆದೆ. ಕಾಯಿಯ ತುದಿಯನ್ನು ಹೆಬ್ಬೆರಳಿನ ಉಗುರಲ್ಲಿ ಮುರಿಯುತ್ತಾರೆ, ನಾರು ಎಳೆಯುತ್ತಾರೆ, ಆಮೇಲೆ ಹೊಲಿಗೆ ಮೇಲೆ ಹೆಬ್ಬೆರಳು ಒತ್ತುತ್ತಾರೆ, ಸಿಪ್ಪೆ ಬಾಯಿ ಬಿಡುತ್ತೆ, ಅದೇ ಹೆಬ್ಬೆರಳು ಒಳಗೆ ಜಾರಿ ಕಾಳುಗಳನ್ನು ಸಾಲಾಗಿ ತಳ್ಳುತ್ತೆ. ಎಲ್ಲ ಸೇರಿ ಎರಡು ಸೆಕೆಂಡ್ ಕೂಡ ಇಲ್ಲ. ಇದಕ್ಕೆ ಹೆಬ್ಬೆರಳು ಅಂಗೈಗೆ ಅಡ್ಡಲಾಗಿ ಪೂರ್ತಿ ಬರಬೇಕು, ಅಂದರೆ ಹೆಬ್ಬೆರಳಿನ ಬುಡದ ದಪ್ಪ ಮಾಂಸಕ್ಕೆ ಅದರದೇ ಲೂಪ್ ಬೇಕು. ಪ್ರತಿ ಗೆಣ್ಣಿಗೂ ಹೊರಗಡೆ ಮೂರು ಗೆರೆ ಕೊಟ್ಟೆ, ಒಳಗಡೆ ಅವು ಹತ್ತಿರ ಹತ್ತಿರ ಸೇರುತ್ತವೆ. ಮಡಚಿದಾಗ ಹೊರಗಿನ ಚರ್ಮ ಹಿಗ್ಗಬೇಕು, ಒಳಗಿನದು ಮಡಿಕೆಯಾಗಿ ಕೂರಬೇಕು, ಅದಕ್ಕೆ.

ಇನ್ನು ಶೇಡಿಂಗ್.

ಶುರುವಿನಲ್ಲಿ ಹೇಳಿದ ಹಿಂಬಾಗಿಲು ಇಲ್ಲೇ ಇರೋದು. ನನ್ನ ಎರಡನೇ ಅಜ್ಜಿ ಬೂದು ಬಣ್ಣದಲ್ಲಿ ಎಷ್ಟು ಚೆನ್ನಾಗಿದ್ದಳು! ಟೆಕ್ಸ್ಚರ್, ಅಂದರೆ ಮಾಡೆಲಿಗೆ ಹೊದಿಸುವ ಚಿತ್ರ, ಶುರು ಮಾಡಿದ ತಕ್ಷಣ ಕೈ ತುರಿಸಿತು. ಚರ್ಮದ ರಂಧ್ರಗಳ ನಾರ್ಮಲ್ ಮ್ಯಾಪ್, ಅಂದರೆ ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ, ಒಂದು ಇತ್ತು, ನಿಜವಾದ ಚರ್ಮದಿಂದ ಸ್ಕ್ಯಾನ್ ಮಾಡಿದ್ದು. ಹಚ್ಚಿ ನೋಡೋಣ ಅಂತ ಹಚ್ಚಿದೆ. ದುಂಡು ತಲೆ, ಮೊಟ್ಟೆಗಣ್ಣು, ಅದರ ಮೇಲೆ ನಿಜವಾದ ಮನುಷ್ಯನ ಚರ್ಮ. ಯಾರದೋ ಚರ್ಮ ಸುಲಿದು ಚೆಂಡಿಗೆ ಹೊದಿಸಿದ ಹಾಗಿತ್ತು. ಮಸಾಹಿರೋ ಮೋರಿ ಅನ್ನುವ ಜಪಾನಿ ವಿಜ್ಞಾನಿ 1970ರಲ್ಲೇ ರೋಬೋಟುಗಳ ಬಗ್ಗೆ ಬರೆದಿದ್ದ, ಮನುಷ್ಯನಿಗೆ ತುಂಬಾ ಹತ್ತಿರ ಬಂದು ಪೂರ್ತಿ ಮನುಷ್ಯ ಆಗದೆ ಉಳಿದದ್ದು ನಮಗೆ ಮೈ ಜುಮ್ಮೆನಿಸುತ್ತೆ ಅಂತ. ನಾನು ಆಕಾರದಲ್ಲಿ ತಪ್ಪಿಸಿಕೊಂಡು ಶೇಡರ್‌ನಲ್ಲಿ, ಅಂದರೆ ಬೆಳಕಿಗೆ ಮೈ ಹೇಗೆ ಕಾಣಬೇಕು ಅನ್ನುವ ಲೆಕ್ಕದಲ್ಲಿ, ಹೋಗಿ ಅದೇ ಗುಂಡಿಗೆ ಬಿದ್ದಿದ್ದೆ. ಗೋಡೆಯ ಹಾಳೆ ನೋಡಿದೆ. ಬಿಟ್ಟದ್ದು: ಚರ್ಮದ ರಂಧ್ರ. ಮ್ಯಾಪ್ ಅಳಿಸಿದೆ.

ಹಾಗಂತ ಬಣ್ಣ ಬಳಿದು ಬಿಟ್ಟರೆ ಪ್ಲಾಸ್ಟಿಕ್ ಆಗುತ್ತೆ. ಚರ್ಮಕ್ಕೆ ಬೆಳಕು ಬಿದ್ದರೆ ಸ್ವಲ್ಪ ಒಳಗೆ ಹೋಗಿ, ಅಲ್ಲಿ ಅಲೆದಾಡಿ, ಪಕ್ಕದಲ್ಲಿ ಹೊರಗೆ ಬರುತ್ತೆ. ಬಿಸಿಲಿಗೆ ಬೆನ್ನು ಮಾಡಿ ನಿಂತ ಮಗುವಿನ ಕಿವಿ ಕೆಂಪಗೆ ಹೊಳೆಯೋದು ಇದರಿಂದ. ಸಬ್‌ಸರ್ಫೇಸ್ ಸ್ಕ್ಯಾಟರಿಂಗ್ ಅನ್ನುತ್ತೇವೆ. ಕೆಂಪು ಬೆಳಕು ಜಾಸ್ತಿ ದೂರ ಹೋಗುತ್ತೆ, ಹಸಿರು ಕಡಿಮೆ, ನೀಲಿ ಇನ್ನೂ ಕಡಿಮೆ. ಬ್ಲೆಂಡರಿನ ಪ್ರಿನ್ಸಿಪಲ್ಡ್ ಶೇಡರ್‌ನಲ್ಲಿ ಈ ಮೂರಕ್ಕೂ ಅನುಪಾತ ಮೊದಲೇ ತುಂಬಿಟ್ಟಿರುತ್ತಾರೆ, 1, 0.2, 0.1 ಅಂತ, ಅದನ್ನು ಸ್ಕೇಲ್ ಅನ್ನುವ ಇನ್ನೊಂದು ಅಂಕಿಯಿಂದ ಗುಣಿಸಿಕೊಳ್ಳಬೇಕು. ಈ ಶೇಡರಿನ ಬೇರು ಡಿಸ್ನಿಯಲ್ಲಿದೆ. 2012ರಲ್ಲಿ ಬ್ರೆಂಟ್ ಬರ್ಲಿ ಅನ್ನುವವರು, ಕಲಾವಿದರಿಗೆ ಭೌತಶಾಸ್ತ್ರದ ಅಂಕಿಗಳ ಕಾಟ ಬೇಡ, ಅರ್ಥವಾಗುವ ಕೆಲವೇ ಸ್ಲೈಡರ್ ಕೊಡೋಣ ಅಂತ ಮಂಡಿಸಿದ್ದು.

ಇಲ್ಲಿ ನನ್ನ ಎರಡನೇ ಅವಮಾನ. ಶೇಡರ್ ಹಾಕಿ ರೆಂಡರ್ ಕೊಟ್ಟೆ, ಅಂದರೆ ಕೊನೆಯ ಚಿತ್ರ ಮೂಡಿಸಲು ಕಂಪ್ಯೂಟರಿಗೆ ಹೇಳಿದೆ, ಅಜ್ಜಿ ಮೇಣದಬತ್ತಿ ಆಗಿದ್ದಳು. ಮೂಗು, ಕಿವಿ, ಗೆರೆ ಎಲ್ಲ ಕರಗಿಹೋಗಿ ಒಳಗಿನಿಂದ ಹೊಳೆಯುವ ಒಂದು ಮುದ್ದೆ. ಇಡೀ ರಾತ್ರಿ ಬಣ್ಣ ಬದಲಾಯಿಸಿದೆ, ಲೈಟು ಬದಲಾಯಿಸಿದೆ. ಬೆಳಗಿನ ಜಾವ ಅಕಸ್ಮಾತ್ ಅಳತೆ ನೋಡಿದೆ. ಬೇರೆ ಸಾಫ್ಟ್‌ವೇರಿನಿಂದ ತರುವಾಗ ಅಳತೆ ಎಡವಟ್ಟಾಗಿ ಅಜ್ಜಿ 15 ಸೆಂಟಿಮೀಟರ್ ಎತ್ತರ ಇದ್ದಳು. ತಲೆ 4 ಸೆಂಟಿಮೀಟರ್ ಕೂಡ ಇಲ್ಲ, ಸ್ಕೇಲ್ 0.05 ಮೀಟರ್ ಇದ್ದದ್ದರಿಂದ ಕೆಂಪು ಬೆಳಕಿಗೆ 5 ಸೆಂಟಿಮೀಟರ್ ಹರಡು ಅಂತ ಹೇಳಿದ್ದೆ. ಬೆಳಕು ತಲೆಯ ಈ ಕಡೆ ಹೊಕ್ಕು ಆ ಕಡೆ ಹೊರಟುಹೋಗುತ್ತಿತ್ತು, ಪಾಪ ಅದರದೇನು ತಪ್ಪು. ಅಜ್ಜಿಯನ್ನು 1.4 ಮೀಟರ್‌ಗೆ ತಂದು, ಆ ಹೊಸ ಅಳತೆಯನ್ನು ಅಪ್ಲೈ ಮಾಡಿ, ಲೆಕ್ಕ ಹಾಕಿದೆ. ನಿಜವಾದ ಚರ್ಮದಲ್ಲಿ ಕೆಂಪಿಗೆ ಕೆಲವೇ ಮಿಲಿಮೀಟರ್ ಸಾಕು, 5 ಅಂತ ಇಟ್ಟುಕೊಂಡೆ. ನಮ್ಮ ಅಜ್ಜಿಯ ತಲೆ ನಿಜವಾದ ತಲೆಗಿಂತ ಒಂದೂವರೆ ಪಟ್ಟು ದೊಡ್ಡದು, 35 ಸೆಂಟಿಮೀಟರ್, ನೆನಪಿದೆಯಲ್ಲ? ಹಾಗಾಗಿ 8 ಮಿಲಿಮೀಟರ್. ಸ್ಕೇಲ್ 0.008. ಮೂಗಿನ ತುದಿ, ಕಿವಿಯ ಹಾಲೆ ಬೆಚ್ಚಗಾದವು, ಕೆನ್ನೆಯ ಗೆರೆ ಗೆರೆಯಾಗಿಯೇ ಉಳಿಯಿತು.

ಬಣ್ಣದ ಬಗ್ಗೆ ಒಂದು ಜಗಳ ಮಾಡಬೇಕಿದೆ. ನಾವು ನೋಡಿ ಕಲಿಯುವ ಟ್ಯುಟೋರಿಯಲ್‌ಗಳಲ್ಲಿ ಚರ್ಮ ಅಂದರೆ ಹೆಚ್ಚಾಗಿ ಗುಲಾಬಿ. ಕೆನ್ನೆ ಕೆಂಪು, ಮೂಗಿನ ತುದಿ ಕೆಂಪು, ತುಟಿ ಗುಲಾಬಿ. ನಮ್ಮವರು ಅದನ್ನೇ ಇಟ್ಟುಕೊಂಡು ಮೇಲೆ ಸ್ವಲ್ಪ ಕಪ್ಪು ಬೆರೆಸುತ್ತಾರೆ. ಬರೋದು ಕಂದು ಬಣ್ಣ ಅಲ್ಲ, ಬೂದಿ ಮೆತ್ತಿದ ಹಾಗಿನ ಬಣ್ಣ. ನಮ್ಮ ಅಜ್ಜಿಯಂದಿರ ಚರ್ಮ ನೋಡಿ. ಕಣ್ಣಿನ ಸುತ್ತ ಗಾಢ, ಗೆಣ್ಣುಗಳ ಮೇಲೆ ಗಾಢ, ಅಂಗೈ ತಿಳಿ, ಆ ತಿಳಿ ಬಣ್ಣ ಬೆರಳಿನ ಪಕ್ಕಕ್ಕೆ ಬರುವಾಗ ಒಂದು ಗಡಿ ಕಾಣುತ್ತೆ. ತುಟಿ ಹೊರಗೆ ಕಂದು ನೇರಳೆ, ಎಲೆ ಅಡಿಕೆ ಹಾಕುವ ಅಜ್ಜಿಯಾದರೆ ಒಳಗೆ ಇಟ್ಟಿಗೆ ಕೆಂಪು. ನೆರಳಿನ ಭಾಗಕ್ಕೆ ಕಪ್ಪು ಬೆರೆಸದೆ ಕೆಂಪುಗಂದು ಕಡೆ ತಿರುಗಿಸಿದರೆ ಚರ್ಮ ಉಸಿರಾಡುತ್ತೆ. ಚರ್ಮ ಗಾಢವಾದಷ್ಟೂ ಮುಖದ ಆಕಾರವನ್ನು ಹೇಳೋದು ಹೊಳಪೇ, ಹಾಗಾಗಿ ರಫ್‌ನೆಸ್ ಮ್ಯಾಪ್, ಅಂದರೆ ಎಲ್ಲಿ ಒರಟು ಎಲ್ಲಿ ಹೊಳಪು ಅಂತ ಹೇಳುವ ಚಿತ್ರದ ಮೇಲೆ (ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ) ಬಣ್ಣಕ್ಕಿಂತ ಜಾಸ್ತಿ ಹೊತ್ತು ಕಳೆಯಿರಿ. ಅಜ್ಜಿಗೆ ಮೂಗು, ಹಣೆಯ ನಡುವೆ 0.35, ಕೆನ್ನೆಗೆ 0.55, ಮಧ್ಯೆ ಮೆಲ್ಲಗೆ ಬೆರೆಯುವ ಹಾಗೆ. ಇಷ್ಟೇ, ದೊಡ್ಡ ದೊಡ್ಡ ಪಟ್ಟೆ, ಸಣ್ಣ ಚುಕ್ಕೆಗಳ ಗದ್ದಲ ಬೇಡ.

ಆ ಮ್ಯಾಪನ್ನು ಬ್ಲೆಂಡರಿಗೆ ತಂದಾಗ ಕಲರ್ ಸ್ಪೇಸ್ ನಾನ್-ಕಲರ್ ಅಂತ ಮಾಡೋದು ಮರೀಬೇಡಿ. ಮರೆತರೆ ಸಾಫ್ಟ್‌ವೇರ್ ಅದನ್ನು ಬಣ್ಣ ಅಂದುಕೊಂಡು ತಿದ್ದುತ್ತೆ, ನೀವು ಬಳಿದ 0.5 ಒಳಗೆ ಹೋಗಿ ಸುಮಾರು 0.21 ಆಗುತ್ತೆ. ಅಜ್ಜಿ ಎಣ್ಣೆ ಸ್ನಾನಕ್ಕೆ ಕೂತ ಹಾಗೆ ಮಿಂಚುತ್ತಾಳೆ. ಹಾಗೇ ಬ್ಲೆಂಡರ್ 4.0ರಿಂದ, ಅಂದರೆ 2023ರಿಂದ, ಎಜಿಎಕ್ಸ್ ಅನ್ನುವ ವ್ಯೂ ಟ್ರಾನ್ಸ್‌ಫಾರ್ಮ್, ಅಂದರೆ ಲೆಕ್ಕದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ವಿಧಾನ, ತಾನಾಗಿ ಆನ್ ಇರುತ್ತೆ. ಪ್ರಖರ ಬೆಳಕನ್ನು ಅದು ಚೆನ್ನಾಗಿ ನಿಭಾಯಿಸುತ್ತೆ, ಆದರೆ ಎದ್ದು ಕಾಣುವ ಬಣ್ಣಗಳನ್ನು ಸ್ವಲ್ಪ ಸಪ್ಪೆ ಮಾಡುತ್ತೆ. ಬಣ್ಣ ಆರಿಸುವ ಮೊದಲೇ ಯಾವುದರಲ್ಲಿ ರೆಂಡರ್ ಮಾಡುತ್ತೀರಿ ಅಂತ ತೀರ್ಮಾನಿಸಿ, ಇಲ್ಲದಿದ್ದರೆ ಸೀರೆಯ ಕೆಂಪಿಗಾಗಿ ಒಂದು ವಾರ ಕುಸ್ತಿ.

ಕೂದಲು, ಸೀರೆ ಬೇಗ ಮುಗಿಸುತ್ತೇನೆ. ಕೂದಲನ್ನು ಎಳೆ ಎಳೆಯಾಗಿ ಮಾಡಿಲ್ಲ, ತುರುಬು ಒಂದೇ ಗಟ್ಟಿ ಆಕಾರ, ಮೇಲೆ ಏಳೆಂಟು ಆಳವಾದ ಗೀರು. ಬೈತಲೆಯ ಅಕ್ಕಪಕ್ಕ ಮಾತ್ರ ರಫ್‌ನೆಸ್ ಇಳಿಸಿದ್ದೇನೆ, ಕೊಬ್ಬರಿ ಎಣ್ಣೆ ಹಚ್ಚಿದ ಕಡೆ. ಸೀರೆ ನೂಲಿನದು, ಸ್ವಲ್ಪ ಶೀನ್, ಅಂದರೆ ಬಟ್ಟೆಯ ಮಂದ ಹೊಳಪು, ಕೊಟ್ಟರೆ ಅಂಚುಗಳಲ್ಲಿ ನವಿರು ಧೂಳು ಕೂತ ಹಾಗೆ ಮೆತ್ತಗಾಗುತ್ತೆ. ಚೌಕಳಿಯನ್ನು ನಿಜವಾದ ಅಳತೆಗೆ ಇಟ್ಟರೆ ದೂರದಿಂದ ಗಿಜಿಗಿಜಿ ಕಾಣುತ್ತೆ, ಮೂರು ಪಟ್ಟು ದೊಡ್ಡದು ಮಾಡಿದೆ.

ಎಲ್ಲ ಬಿಟ್ಟೆ ಬಿಟ್ಟೆ ಅಂತ ಹೇಳುತ್ತಿದ್ದೇನಲ್ಲ, ಒಂದು ಕಡೆ ಮಾತ್ರ ಪೂರ್ತಿ ನಿಜ ಇಟ್ಟಿದ್ದೇನೆ. ಬೆರಳ ತುದಿ. ಅವರೆಕಾಯಿ ಸುಲಿದವರಿಗೆ ಗೊತ್ತು, ಸೊಗಡು ಬೆರಳಿಗೆ ಹತ್ತಿ ಸ್ವಲ್ಪ ಹೊತ್ತಿಗೆ ಹೆಬ್ಬೆರಳಿನ ಉಗುರಿನ ಸಂದಿ ಕಪ್ಪಗಾಗುತ್ತೆ, ತೊಳೆದರೂ ಬೇಗ ಹೋಗಲ್ಲ. ಅಜ್ಜಿಯ ಎರಡು ಹೆಬ್ಬೆರಳು, ಎರಡು ತೋರುಬೆರಳಿಗೆ ಆ ಕಲೆ ಬಳಿದೆ, ಅಲ್ಲಿ ರಫ್‌ನೆಸ್ ಕೂಡ ಇಳಿಸಿದೆ, ಸೊಗಡು ಜಿಡ್ಡಾಗಿರುತ್ತೆ. ಇಡೀ ಪಾತ್ರದಲ್ಲಿ ನಾನು 4ಕೆ ಟೆಕ್ಸ್ಚರ್ ಬಳಸಿದ್ದು ಕೈಗೆ ಮಾತ್ರ. ಕತೆ ನಡೆಯೋದು ಅಲ್ಲಿ, ನೋಡುಗರ ಕಣ್ಣು ಇರೋದೂ ಅಲ್ಲಿ.

ಕೈಯಲ್ಲಿ ಬಿಡಿಸಿದ ಕಾರ್ಟೂನಿನ ಹಾಗೆ ಎರಡೇ ಬಣ್ಣದ ನೆರಳು ಬೇಕೆಂದರೆ ದಾರಿ ಬೇರೆ. ಅಲ್ಲಿ ಸಮಸ್ಯೆ ಏನೆಂದರೆ ಮೂಗು ಕೆನ್ನೆಗಳ ಸಣ್ಣ ಉಬ್ಬುತಗ್ಗಿಗೂ ನೆರಳು ಹರಕು ಹರಕಾಗಿ ಬೀಳುತ್ತೆ. 2014ರ ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ ಅನ್ನುವ ಜಪಾನಿ ಗೇಮ್‌ನಲ್ಲಿ ಅವರು ನಾರ್ಮಲ್‌ಗಳನ್ನೇ, ಅಂದರೆ ಪ್ರತಿ ಬಿಂದು ಯಾವ ಕಡೆ ಮುಖ ಮಾಡಿದೆ ಅನ್ನುವ ಬಾಣಗಳನ್ನೇ, ಕೈಯಾರೆ ತಿರುಗಿಸಿ ನೆರಳನ್ನು ಚೊಕ್ಕ ಮಾಡಿದರು. ಬ್ಲೆಂಡರಿನಲ್ಲಿ ಒಂದು ನುಣುಪಾದ ಗೋಳದಿಂದ ನಾರ್ಮಲ್‌ಗಳನ್ನು ಡೇಟಾ ಟ್ರಾನ್ಸ್‌ಫರ್ ಮಾಡಿಫೈಯರ್ ಹಾಕಿ ಮುಖಕ್ಕೆ ತರಬಹುದು. ಆಸೆ ಇದ್ದವರು ಆಮೇಲೆ ಸಿಗಿ, ಫೈಲ್ ತೋರಿಸುತ್ತೇನೆ.

ಕೊನೆಗೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ, ಸರ್, ಈಗ ಎಐಗೆ ಹೇಳಿದರೆ ಮಾಡೆಲ್ ಮಾಡಿಕೊಡುತ್ತಲ್ಲ, ಇದೆಲ್ಲ ಯಾಕೆ ಅಂದ. ನಾನೂ ಪ್ರಯತ್ನ ಮಾಡಿದ್ದೇನೆ. ನನಗೆ ಸಿಕ್ಕ ಅಜ್ಜಿ ನಿಂತಾಗ ಚೆನ್ನಾಗಿದ್ದಳು, ಬಲೆ ತೆರೆದು ನೋಡಿದರೆ ಬರೀ ತ್ರಿಕೋನಗಳ ರಾಶಿ, ಬಾಯಿ ಸುತ್ತ ಒಂದೂ ಲೂಪ್ ಇಲ್ಲ, ಬಾಯಿಗೆ ಒಳಗೇ ಇಲ್ಲ. ನನ್ನ ಮೊದಲ ಅಜ್ಜಿಯ ತಂಗಿ ಅಂದೆ. ಅಷ್ಟು ಬೇಗ ತಂಗಿ ಸಿಕ್ಕಿದಳಲ್ಲ ಸರ್ ಅಂದ ಅವನು. ಅದೂ ನಿಜವೇ.

ಇನ್ನೊಬ್ಬರು ಎಂಥ ಕಂಪ್ಯೂಟರ್ ಬೇಕು ಅಂತ ಕೇಳಿದರು. 6,000 ಫೇಸಿಗೆ ಹಳೆಯ ಲ್ಯಾಪ್‌ಟಾಪ್ ಸಾಕು, ರೆಂಡರಿಗೆ ಮಾತ್ರ ರಾತ್ರಿ ಬಿಟ್ಟು ಮಲಗಬೇಕು.

ಆಮೇಲೆ ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. "ಸರ್, ಅಜ್ಜಿಗೆ ಮೂಗುಬಟ್ಟು ಎರಡೂ ಕಡೆ ಇದೆಯಲ್ಲ, ಬೇಕಂತ ಇಟ್ಟಿದ್ದಾ?"

ಪರದೆ ನೋಡಿದೆ. ಹೌದು, ಎರಡೂ ಹೊಳ್ಳೆಗೆ ಇದೆ. ಮಿರರ್ ಮಾಡಿಫೈಯರ್. ಒಂದು ಕಡೆ ಕೂರಿಸಿದ್ದೆ, ಅದು ಇನ್ನೊಂದು ಕಡೆಗೂ ಹಾಕಿದೆ, ಎರಡು ವರ್ಷದಿಂದ ನಾಲ್ಕು ಜನರ ಕಣ್ಣಿಗೂ ಬಿದ್ದಿಲ್ಲ. ಇಲ್ಲ ಕಣಮ್ಮ, ತಪ್ಪಾಗಿದೆ, ತೆಗೀತೀನಿ ಅಂದೆ. ಹಿಂದೆ ಕೂತಿದ್ದ ಒಬ್ಬ ಮೇಡಂ ಎದ್ದು, "ತೆಗೀಬೇಡಿ, ನಮ್ಮಜ್ಜಿ ಎರಡೂ ಕಡೆ ಹಾಕ್ತಿದ್ರು" ಅಂದರು. ತೆಗೆದಿಲ್ಲ.